ಬೇಡಕ್ಕನ ತಂಪು ಕನ್ನಡಕ

ಕನ್ನಡಕ ತೆಗೆದಿಟ್ಟ ಮೇಲೂ ಕನ್ನಡಕ ಹಾಕಿಕೊಂಡಂತೆಯೇ ಕಾಣುವ ಮುಖ ಆಕೆಯದು. ಹಣೆ, ಕೆನ್ನೆ, ಮೂಗಿನ ತುದಿ ಎಲ್ಲವೂ ಬಿಸಿಲಿಗೆ ಬೆಂದು ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ, ಎರಡು ಕಣ್ಣುಗಳ ಸುತ್ತ ಮಾತ್ರ, ಯಾರೋ ಅಳತೆ ತೆಗೆದು ಮುಚ್ಚಿಟ್ಟು ಕಾಪಾಡಿದ ಹಾಗೆ, ಹುಟ್ಟುಬಣ್ಣ ಹಾಗೇ ಉಳಿದುಕೊಂಡಿದೆ. ಮೊದಲ ಸಲ ನೋಡಿದವರು ಏನೋ ಚರ್ಮದ ಕಾಯಿಲೆಯಿರಬೇಕೆಂದು ಕನಿಕರಪಡುತ್ತಾರೆ. ಸ್ವಲ್ಪ ಹೊತ್ತು ಮಾತನಾಡಿದವರಲ್ಲಿ ಆ ಕನಿಕರ ಉಳಿದಿರುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಆಕೆ ಅವರ ಮೂಗಿನ ಮೇಲಿದ್ದ ಕನ್ನಡಕವನ್ನು ಕೇಳಿ ತೆಗೆದುಕೊಂಡು, ಬೆಳಕಿಗೆ ಹಿಡಿದು, ಕಡ್ಡಿಗಳನ್ನು ಬಗ್ಗಿಸಿ, ಸಾಲದ್ದಕ್ಕೆ ಒಮ್ಮೆ ಮೂಸಿಯೂ ನೋಡಿ, ಎರಡಕ್ಷರದ ತೀರ್ಪು ಕೊಟ್ಟಾಗಿರುತ್ತದೆ: “ಬೇಡ.”

ಹಾಗಾಗಿಯೇ ಆಕೆಗೆ ಬೇಡಕ್ಕ ಎಂದು ಹೆಸರಾಯಿತು. ಚಾರಣ, ಪ್ರವಾಸ, ವಾಹನಗಳ ವಿಷಯವನ್ನೇ ಬರೆಯುವ ಒಂದು ಮಾಸಪತ್ರಿಕೆಯಲ್ಲಿ, ಓದುಗರು ಕೊಳ್ಳುವ ಮೊದಲು ಸಾಮಾನುಗಳನ್ನು ತಾನು ಬಳಸಿ ನೋಡಿ ಬರೆಯುವುದು ಆಕೆಯ ಕೆಲಸ. ಹಗ್ಗ, ಬೂಟು, ಬೆನ್ನುಚೀಲ ಎಲ್ಲವನ್ನೂ ಪರೀಕ್ಷಿಸುತ್ತಾಳಾದರೂ ಆಕೆಯ ಜೀವ ಇರುವುದು ಬಿಸಿಲು ಕನ್ನಡಕಗಳಲ್ಲಿ. ಪುಟ ಕಟ್ಟುವ ಕಲಾವಿದ ಮೊದಲ ಸಲ ಈ ಹೆಸರು ಹಿಡಿದು ಕರೆದಾಗ ಆಕೆ ತಿರುಗಿ ನಿಂತು ಕೇಳಿದ್ದಳಂತೆ: “ಬೇಡಕ್ಕ ಅಂದ್ರೆ ನನ್ನನ್ನ ಕರೆದ ಹಾಗೋ, ನನ್ನನ್ನೇ ಬೇಡ ಅಂದ ಹಾಗೋ?” ಅವನು “ಎರಡೂ” ಅಂದ. ಉತ್ತರದಲ್ಲಿ ಸುಳ್ಳಿರಲಿಲ್ಲವಾದ್ದರಿಂದ ಆಕೆಗೆ ಹೆಸರು ಹಿಡಿಸಿತು.

ಒಂದು ಕಾಲಕ್ಕೆ ಆಕೆ ಬಂಡೆ ಹತ್ತುವುದನ್ನು ಕಲಿಸುತ್ತಿದ್ದವಳು. ಭುಜದ ಕೀಲು ಸಡಿಲವಾಗಿ ಆ ಕೆಲಸವನ್ನು ಬಿಟ್ಟರೂ ಆ ನಡಿಗೆಯನ್ನು ಬಿಡಲಾಗಲಿಲ್ಲ. ಸಪಾಟು ರಸ್ತೆಯಲ್ಲೂ ಮೊದಲು ಪಾದ ಇಟ್ಟು, ನೆಲವನ್ನೊಮ್ಮೆ ವಿಚಾರಿಸಿಕೊಂಡು, ಆಮೇಲೆ ಮೈಭಾರ ಬಿಡುವ ನಡಿಗೆ ಅದು. ಕಚೇರಿಯ ಮೆಟ್ಟಿಲಲ್ಲಿ ಆಕೆಯ ಹಿಂದೆ ಸಿಕ್ಕಿಕೊಂಡವರು ಅವಸರವನ್ನು ಅಲ್ಲೇ ಕೆಳಗಿಟ್ಟು ಬರಬೇಕು. ಮೈಮೇಲೆ ಸದಾ ಅದೇ ಮಾಸಿದ ನೀಲಿ ಜಾಕೆಟ್ಟು. ಅದಕ್ಕೆ ಎಲ್ಲಿ ನೋಡಿದರೂ ಜೇಬು, ಜೇಬುಜೇಬಿಗೂ ಗಾಜು ಒರೆಸುವ ಬಟ್ಟೆ. ಒಂದು ಜೇಬಿನ ತಳ ಹರಿದುಹೋಗಿ, ಅದಕ್ಕೆ ಹಾಕಿದ್ದೆಲ್ಲ ಅಸ್ತರಿನೊಳಗೆ ಇಳಿದು, ಜಾಕೆಟ್ಟಿನ ಅಂಚಿನಲ್ಲಿ ಕನ್ನಡಕದ ಸಣ್ಣ ತಿರುಪುಗಳೂ ತಿರುಪುಳಿಯೂ ಸದ್ದು ಮಾಡುತ್ತ ಓಡಾಡುತ್ತಿರುತ್ತವೆ. ಹೊಲಿಸಿಕೊಳ್ಳಬಾರದೇ ಎಂದರೆ, ಎಲ್ಲಿ ಕಳೆದಿದೆ ಎಂದು ಗೊತ್ತಿರುವ ವಸ್ತು ಕಳೆದಂತಲ್ಲ ಎನ್ನುತ್ತಾಳೆ.

ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಉದ್ದ ಬಿಟ್ಟಿದ್ದಾಳೆ. ಅದರ ಕೆಲಸ ಒಂದೇ, ಸ್ಟಿಕ್ಕರ್ ಕೀಳುವುದು. ಹಣ್ಣಿನ ಮೇಲಿನದು, ಪಾತ್ರೆಯ ತಳದ್ದು, ಹೊಸ ಪೆನ್ನಿನದು, ಕಣ್ಣಿಗೆ ಬಿದ್ದ ಸ್ಟಿಕ್ಕರನ್ನು ಕೀಳದೆ ಆ ಉಗುರಿಗೆ ನೆಮ್ಮದಿಯಿಲ್ಲ. ನಮ್ಮ ಜನ ಹಾಗಲ್ಲವಲ್ಲ. ಹೊಸತನ ಸ್ಟಿಕ್ಕರಿನಲ್ಲೇ ಇದೆ ಎಂಬಂತೆ ಅದನ್ನು ಉಳಿಸಿಕೊಳ್ಳುತ್ತೇವೆ. ಫ್ರಿಜ್ಜು ಹಳತಾಗಿ ಬಾಗಿಲು ಜೋಲುಬಿದ್ದರೂ ಅದರ ನೆತ್ತಿಯ ಮೇಲಿನ ನಕ್ಷತ್ರಗಳ ಚೀಟಿ ಮಾತ್ರ ಹೊಳೆಯುತ್ತಿರುತ್ತದೆ. ಬೇಡಕ್ಕನ ಅಕ್ಕನ ಮನೆಯಲ್ಲೂ ಅಂಥದೊಂದು ಫ್ರಿಜ್ಜಿತ್ತು. ಅಕ್ಕ ಒಳಗೆ ಹೋಗಿ ಚಹಾ ತರುವಷ್ಟರಲ್ಲಿ ಚೀಟಿ ಹೋಗಿತ್ತು.

“ಸ್ಟಿಕ್ಕರ್ ಅಂಟಿಸಿದ್ದಾರೆ ಅಂದ್ರೆ ಕೆಳಗೆ ಏನೋ ಮುಚ್ಚಿಟ್ಟಿದ್ದಾರೆ ಅಂತ ಅರ್ಥ ಕಣೇ,” ಎಂದು ಸಮರ್ಥಿಸಿಕೊಂಡಳು.

“ಏನು ಮುಚ್ಚಿಟ್ಟಿರ್ತಾರೆ? ಗೋಂದು. ಈಗ ಒರೆಸು ಅದನ್ನ,” ಅಂದಳು ಅಕ್ಕ, ಒದ್ದೆಬಟ್ಟೆ ಎಸೆದು.

ಈ ಅಕ್ಕನೇ ಮುಂದೊಮ್ಮೆ ಮಗಳಿಗೆ ಗಂಡು ಗೊತ್ತುಮಾಡಿ, ಹುಡುಗ ತುಂಬ ಒಳ್ಳೆಯವನು ಎಂದು ಸಂಭ್ರಮದಿಂದ ಹೇಳಿದಾಗ, ಬೇಡಕ್ಕ ತನ್ನ ಎಂದಿನ ಪ್ರಶ್ನೆ ಕೇಳಿದ್ದಳು: “ಯಾವುದಕ್ಕೆ?” ಕುಹಕವಿರಲಿಲ್ಲ ಅದರಲ್ಲಿ. ಯಾರು ಯಾವುದನ್ನು ಒಳ್ಳೆಯದೆಂದರೂ ಆಕೆ ಕೇಳುವುದು ಅದನ್ನೇ. ಒಳ್ಳೆಯ ಬೂಟೇ? ಯಾವುದಕ್ಕೆ, ಕಲ್ಲಿಗೋ ಕೆಸರಿಗೋ? ಒಳ್ಳೆಯ ವೈದ್ಯರೇ? ಯಾವುದಕ್ಕೆ, ಮೂಳೆಗೋ ಜ್ವರಕ್ಕೋ? ಒಳ್ಳೆಯದೆನ್ನುವುದು ಅರ್ಧ ವಾಕ್ಯ, ಉಳಿದರ್ಧವನ್ನು ನುಂಗಿಕೊಂಡವರು ಏನನ್ನೋ ಮಾರಲು ಹೊರಟವರು ಎಂಬುದು ಆಕೆಯ ಸಿದ್ಧಾಂತ. ಅಕ್ಕನಿಗೆ ಸಿದ್ಧಾಂತ ಬೇಕಾಗಿರಲಿಲ್ಲ. ಮದುವೆ ಮುಗಿಯುವವರೆಗೂ ಆಕೆ ತಂಗಿಯ ಜೊತೆ ಮಾತು ಬಿಟ್ಟಿದ್ದಳು.

ಆಕೆಯ ಪರೀಕ್ಷೆಯ ಕೋಣೆ ಕಚೇರಿಯ ಹಿಂಭಾಗದಲ್ಲಿ, ಹಳೆಯ ಸಂಚಿಕೆಗಳ ಕಟ್ಟುಗಳ ಪಕ್ಕದಲ್ಲಿದೆ. ಒಂದು ಕಿಟಕಿ, ಒಂದು ಮೇಜು, ಮಂಜು ಹಿಡಿಸಲು ನೀರು ಕುದಿಸುವ ಒಂದು ಕೆಟಲು. ಗೋಡೆಗೆ ಒರಗಿಸಿ ನಿಲ್ಲಿಸಿದ, ಗುಜರಿಯಿಂದ ತಂದ ಕಾರಿನ ಮುಂಗಾಜು. ಬಿಸಿಲಿಗೆ ತಾನಾಗಿ ಕಪ್ಪಾಗುವ ಕನ್ನಡಕ ಕಾರಿಗೂ ಆಗುತ್ತದೆ ಎಂದು ವಾದಿಸುವವರನ್ನು ಆ ಗಾಜಿನ ಹಿಂದೆ ಕೂರಿಸಿ, ಕಿಟಕಿ ತೆರೆದು, ಮೈಮೇಲೆ ಬಿಸಿಲು ಬಿದ್ದರೂ ಕನ್ನಡಕ ಬೆಳ್ಳಗೇ ಉಳಿದಿರುವುದನ್ನು ಕನ್ನಡಿಯಲ್ಲಿ ತೋರಿಸಿ ಕಳಿಸುತ್ತಾಳೆ. ಕನ್ನಡಕ ಯಾವ ಕಿರಣಕ್ಕಾಗಿ ಕಾಯುತ್ತದೋ ಅದನ್ನು ಮುಂಗಾಜು ಮೊದಲೇ ತಡೆದುಬಿಡುತ್ತದೆ. ಮೇಜಿನ ಮೇಲೆ ಹೆಲ್ಮೆಟ್ ಧರಿಸಿ ಕುಳಿತ ಒಂದು ಮರದ ತಲೆ. ಅದಕ್ಕೆ ಕಚೇರಿಯವರೆಲ್ಲ ಭಾವ ಎನ್ನುತ್ತಾರೆ, ಏನು ತೊಡಿಸಿದರೂ ಸುಮ್ಮನಿರುವ ಗುಣದಿಂದಾಗಿ. ಕನ್ನಡಕದ ಕಡ್ಡಿ ಹೆಲ್ಮೆಟ್ಟಿನ ಪಟ್ಟಿಗೆ ಸಿಕ್ಕಿ ಒತ್ತುತ್ತದೋ, ತಲೆ ಮೇಲೆತ್ತಿದಾಗ ಚೌಕಟ್ಟಿನ ಅಂಚು ಅಡ್ಡ ಬರುತ್ತದೋ ಎಂಬುದು ಭಾವನ ಮೇಲೆ ಮೊದಲು ತೀರ್ಮಾನವಾಗಬೇಕು. “ಭಾವ ಏನಂತಾರೆ?” ಎಂದು ಬಾಗಿಲಲ್ಲಿ ಇಣುಕಿ ಕೇಳುವುದು ಅಲ್ಲಿಯ ದಿನನಿತ್ಯದ ಹಾಸ್ಯ.

ಭಾವನಿಂದಾಗಿಯೇ ಒಮ್ಮೆ ಆಕೆ ತಪ್ಪಿದ್ದಳು. ಒಂದು ಕನ್ನಡಕ ಸಡಿಲ, ಬಗ್ಗಿದರೆ ಜಾರಿ ಬೀಳುತ್ತದೆ ಎಂದು ಬರೆದಳು. ಆಮೇಲೆ ನೋಡಿದರೆ ಸಡಿಲವಾಗಿದ್ದದ್ದು ಕನ್ನಡಕವಲ್ಲ, ಮರ ಒಣಗಿ ಭಾವನ ತಲೆಯೇ ಸಣ್ಣದಾಗಿತ್ತು. ಮುಂದಿನ ಸಂಚಿಕೆಯಲ್ಲಿ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ‘ನಾನು ತಪ್ಪು ಬರೆದಿದ್ದೆ’ ಎಂದು ಹಾಕಿಸಿದಳು. ಇಷ್ಟು ದೊಡ್ಡದಾಗಿ ಬೇಕೇ ಎಂದು ಸಂಪಾದಕರು ಕೇಳಿದ್ದಕ್ಕೆ, ಸುಳ್ಳು ಎಷ್ಟು ಜಾಗ ತಗೊಂಡಿತ್ತೋ ನಿಜಕ್ಕೂ ಅಷ್ಟು ಬೇಕು ಎಂದಳು. ಇದನ್ನು ನೆನಪಿಟ್ಟುಕೊಳ್ಳಬೇಕು.

ಸಂಪಾದಕರು ಕೆಟ್ಟ ಮನುಷ್ಯರೇನೂ ಅಲ್ಲ, ಮೆದು ಮನುಷ್ಯರು. ಅವರ ಬಾಯಲ್ಲಿ ದಿನವಿಡೀ ಆಡುವ ಮಾತು ‘ಪರವಾಗಿಲ್ಲ’. ಅಚ್ಚು ತಡವಾದರೆ ಪರವಾಗಿಲ್ಲ, ಚಿತ್ರ ಮಸುಕಾದರೆ ಪರವಾಗಿಲ್ಲ, ಚಹಾ ಹೇಗಿದೆ ಎಂದರೆ ಪರವಾಗಿಲ್ಲ. ಎಂಥ ಮಾತು ನೋಡಿ ಅದು. ಚೆನ್ನಾಗಿದೆ ಎಂದೂ ಆಗುತ್ತದೆ, ಚೆನ್ನಾಗಿಲ್ಲ ಎಂದೂ ಆಗುತ್ತದೆ. ಕ್ಷಮಿಸಿದ್ದೇನೆ ಎಂದೂ ಆಗುತ್ತದೆ, ಏನು ಮಾಡಲಿ ಸಹಿಸಿಕೊಂಡಿದ್ದೇನೆ ಎಂದೂ ಆಗುತ್ತದೆ. ಬೇಡಕ್ಕ ತನ್ನ ವರದಿಗಳಿಗೆ ಎರಡೇ ತೀರ್ಪು ಇಟ್ಟುಕೊಂಡಿದ್ದಳು: ‘ಆಗುತ್ತದೆ’ ಮತ್ತು ‘ಬೇಡ’. ಓದುಗರಿಗೆ ನಡುವೆ ಒಂದು ಮೆಟ್ಟಿಲು ಬೇಕು ಎಂದು ಸಂಪಾದಕರೇ ಮೂರನೆಯದನ್ನು ಸೇರಿಸಿದ್ದು. ಬಂಡೆಯ ಮೇಲೆ ಹಿಡಿಗಲ್ಲು ಒಂದೋ ತಡೆಯುತ್ತದೆ, ಇಲ್ಲವೋ ಕಿತ್ತು ಬರುತ್ತದೆ, ಪರವಾಗಿಲ್ಲ ಎಂಬ ಕಲ್ಲನ್ನು ತಾನು ಕಂಡಿಲ್ಲ ಎಂದು ಆಕೆ ಜಗಳವಾಡಿ ಸೋತಳು. ಸೋತ ಮೇಲೆ ಆ ಪದವನ್ನು ಕನ್ನಡಕದ ಚೀಲಗಳಿಗೆ ಮಾತ್ರ ಬಳಸತೊಡಗಿದಳು. ಚೀಲದಿಂದ ಯಾರೂ ಸಾಯುವುದಿಲ್ಲವಲ್ಲ.

ಇಂಥವಳ ಮೇಜಿಗೆ ಆ ಕನ್ನಡಕ ಬಂತು.

ಹೊಸ ಕಂಪನಿಯ ಮಾಲು. ಕಪ್ಪೆಂದರೆ ಕಪ್ಪು ಗಾಜು, ಕಿವಿಯವರೆಗೂ ಬಾಗಿದ ಚೌಕಟ್ಟು, ಕಡ್ಡಿಯ ಹೊರಮೈಯಲ್ಲಿ ಬೆಳ್ಳಿಯಂತೆ ಮಿನುಗುವ ಸ್ಟಿಕ್ಕರ್: ‘ನಡೆಯಲು, ಹತ್ತಲು, ಓಡಿಸಲು: ಮೂರಕ್ಕೂ ಒಂದೇ ತಂಪು’. ಬೇಡಕ್ಕ ಅದನ್ನು ಮೊದಲು ನಡಿಗೆಗೆ ಒಯ್ದಳು. ಬೋಳುಗುಡ್ಡದ ಸುಣ್ಣಕಲ್ಲಿನ ಹಾದಿಯಲ್ಲಿ, ಕಣ್ಣು ಬಿಡಲಾಗದ ಮಧ್ಯಾಹ್ನದಲ್ಲಿ, ಅದು ಮೂಗಿನ ಮೇಲೆ ಕೂತಿರುವುದೇ ಮರೆತುಹೋಯಿತು. ಬೆವರಿಗೆ ಜಾರಲಿಲ್ಲ, ಮಂಜು ಕಟ್ಟಲಿಲ್ಲ. ಹತ್ತುವವರನ್ನು ಕೆಳಗೆ ನಿಂತು ಹಗ್ಗ ಹಿಡಿದು ಕಾಯುವಾಗಲೂ, ಕುತ್ತಿಗೆ ಪೂರ್ತಿ ಮೇಲೆತ್ತಿದರೂ ಚೌಕಟ್ಟು ಅಡ್ಡ ಬರಲಿಲ್ಲ. ಆಕೆಗೆ ಸಂತೋಷವಾಯಿತು. ಬೇಡ ಎನ್ನುವುದೇ ಬೇಡಕ್ಕನ ಸುಖ ಎಂದು ತಿಳಿದವರಿಗೆ ಗೊತ್ತಿಲ್ಲದ ಸಂಗತಿಯಿದು: ಒಂದು ವಸ್ತು ಹೇಳಿದ ಮಾತು ಉಳಿಸಿಕೊಂಡರೆ ಆಕೆ ಅದನ್ನು ಹೆತ್ತವಳ ಹಾಗೆ ಹೊತ್ತು ತಿರುಗುತ್ತಾಳೆ.

ಮೂರನೆಯ ಪರೀಕ್ಷೆಗೆ, ಅಂದರೆ ಓಡಿಸುವುದಕ್ಕೆ, ಆಕೆಯ ತಮ್ಮ ಬೇಕು. ಅವನು ಪ್ರವಾಸಿಗಳ ವ್ಯಾನ್ ಓಡಿಸುತ್ತಾನೆ. ಪೇಟೆಯಿಂದ ಗುಡ್ಡದ ಕಡೆಗೆ ಹೋಗುವ ಅವನ ದಾರಿಯಲ್ಲಿ ಒಂದು ಉದ್ದದ ಸುರಂಗವಿದೆ, ಒಳಗೆ ದೀಪಗಳು ಉರಿದರೆ ಉರಿದವು. ಪರೀಕ್ಷಿಸದ ಕನ್ನಡಕ ಹಾಕಿಕೊಂಡು ಯಾರೂ ಸ್ಟಿಯರಿಂಗ್ ಮುಟ್ಟಬಾರದು ಎಂಬುದು ಆಕೆಯ ನಿಯಮವಾದ್ದರಿಂದ, ಖಾಲಿ ವ್ಯಾನಿನಲ್ಲಿ ತಮ್ಮ ಬರಿಗಣ್ಣಿನಲ್ಲಿ ಓಡಿಸುತ್ತಾನೆ, ಬೇಡಕ್ಕ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಾಳೆ. ಅವನಿಗೆ ಕಂಡದ್ದನ್ನು ಅವನು ಕೂಗಬೇಕು, ತನಗೂ ಕಂಡರೆ ಆಕೆ ಹೂಂಗುಡಬೇಕು. ದಾರಿಯುದ್ದಕ್ಕೂ ಬೋರ್ಡು, ಹೂಂ, ನಾಯಿ, ಹೂಂ, ಗುಂಡಿ, ಹೂಂ ಎಂದು ನಡೆಯುವ ಈ ಆಟಕ್ಕೆ ತಮ್ಮ ಸದಾ ಗೊಣಗುತ್ತಾನೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಕೂಡ ತನ್ನ ಮಾತಿಗೆ ಇಷ್ಟು ಹೂಂಗುಟ್ಟಿರಲಿಲ್ಲವಂತೆ.

ಉರಿಬಿಸಿಲಿನಿಂದ ವ್ಯಾನು ಸುರಂಗದ ಬಾಯಿಗೆ ನುಗ್ಗಿತು.

“ತಳ್ಳುಗಾಡಿ,” ಅಂದ ತಮ್ಮ, ಬ್ರೇಕಿನ ಮೇಲೆ ಕಾಲಿಟ್ಟು.

ಹೂಂ ಬರಲಿಲ್ಲ.

“ಅಕ್ಕಾ, ತಳ್ಳುಗಾಡಿ. ಒಬ್ಬ ಮುದುಕ ತಳ್ಕೊಂಡು ಹೋಗ್ತಿದಾನೆ. ಎಡಕ್ಕೆ. ಕಾಣಿಸ್ತಾ?”

ಆಕೆಗೆ ಕಂಡದ್ದು ಕಪ್ಪು ಮಾತ್ರ, ಮತ್ತು ಅದರ ಕೊನೆಯಲ್ಲಿ ಆಚೆ ಬಾಯಿಯ ಬೆಳಕಿನ ಒಂದು ಗುಂಡಿ. ತಮ್ಮ ವೇಗ ತಗ್ಗಿಸಿ, ಸುತ್ತು ಹಾಕಿ ದಾಟಿದ ಮೇಲೆ, ಮುದುಕನ ಬಿಳಿ ಬನಿಯನ್ನು ಕಿಟಕಿಯ ಪಕ್ಕದಲ್ಲೇ, ಕೈಗೆಟಕುವ ದೂರದಲ್ಲಿ, ಒಮ್ಮೆ ತೇಲಿಹೋಯಿತು. ಸುರಂಗದ ಆಚೆ ವ್ಯಾನು ನಿಲ್ಲಿಸಲು ಹೇಳಿ ಬೇಡಕ್ಕ ಇಳಿದಳು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತಳು. ಕೂತಲ್ಲೇ ಹೆಬ್ಬೆರಳಿನ ಉಗುರು ತನ್ನ ಪಾಡಿಗೆ ತಾನು ಕೆಲಸ ಶುರುಮಾಡಿತ್ತು. ಬೆಳ್ಳಿ ಸ್ಟಿಕ್ಕರ್ ಅಂಚಿನಿಂದ ಎದ್ದು, ಸುರುಳಿ ಸುತ್ತಿ, ಕಳಚಿ ಬಂತು. ಅದರ ಕೆಳಗೆ, ಕಡ್ಡಿಯ ಮೈಯಲ್ಲೇ ಕೊರೆದಿದ್ದ ಪುಟ್ಟ ಗುರುತೊಂದು ಕಂಡಿತು: ಒಂದು ಕಾರು, ಕಾರಿನ ಮೇಲೆ ಅಡ್ಡಗೀಟು.

ಗಾಜು ಮಾಡಿದವನು ತನ್ನ ಧರ್ಮ ಪಾಲಿಸಿದ್ದ. ಇಷ್ಟು ಕಪ್ಪು ಗಾಜು ಹಿಮಕ್ಕೆ, ಎತ್ತರದ ಬೆಟ್ಟಕ್ಕೆ, ಸುಡುವ ಬಂಡೆಗೆ. ವಾಹನ ಓಡಿಸಲು ಸಲ್ಲದು ಎಂದು ಯಾರಿಗೂ ಅರ್ಥವಾಗುವ ಚಿತ್ರದಲ್ಲಿ ಕೊರೆದು ಕಳಿಸಿದ್ದ. ಮಾರುವವನು ಆ ಚಿತ್ರದ ಸರಿಯಾಗಿ ನೆತ್ತಿಯ ಮೇಲೆ, ಅದರ ಅಳತೆಗೆ ಕತ್ತರಿಸಿ, ‘ಓಡಿಸಲು’ ಎಂಬ ಮಾತನ್ನು ಅಂಟಿಸಿದ್ದ. ಇದನ್ನು ಅಜಾಗರೂಕತೆ ಎನ್ನಲಾಗದು. ಯಾರೋ ಒಬ್ಬರು ಆ ಗೀಟನ್ನು ನೋಡಿದ್ದಾರೆ, ಅದರ ಅರ್ಥ ತಿಳಿದುಕೊಂಡಿದ್ದಾರೆ, ಆಮೇಲೆ ಸ್ಟಿಕ್ಕರಿನ ಅಗಲ ಎಷ್ಟಿರಬೇಕೆಂದು ಯೋಚಿಸಿದ್ದಾರೆ. ಕಣ್ಣಿಗೆ ಮಣ್ಣೆರಚುವುದು ಎಂಬ ಮಾತನ್ನು ಇಷ್ಟು ಅಕ್ಷರಶಃ ನಡೆಸಿಕೊಟ್ಟ ವ್ಯಾಪಾರ ಇನ್ನೊಂದಿರಲಾರದು.

“ತಂಪಂತೆ,” ಅಂದಳು ಬೇಡಕ್ಕ. “ಕತ್ತಲನ್ನ ತಂಪು ಅಂತ ಮಾರ್ತಿದ್ದಾರೆ ಕಣೋ.”

ವರದಿಯಲ್ಲಿ ಆಕೆ ಬರೆದದ್ದು ಹೀಗೆ. ನಡೆಯಲು: ಆಗುತ್ತದೆ. ಹತ್ತಲು: ಆಗುತ್ತದೆ. ಓಡಿಸಲು: ಬೇಡ. ಅದರ ಕೆಳಗೆ ಸ್ಟಿಕ್ಕರಿನ ವೃತ್ತಾಂತ, ತಳ್ಳುಗಾಡಿಯ ಮುದುಕನ ವೃತ್ತಾಂತ, ಕಿತ್ತ ಸ್ಟಿಕ್ಕರಿನ ಮತ್ತು ಅಡ್ಡಗೀಟಿನ ಚಿತ್ರ. ಅದನ್ನು ಸಂಪಾದಕರಿಗೆ ಕೊಟ್ಟು, ಹೊಸ ಬೂಟುಗಳ ಪರೀಕ್ಷೆಗೆಂದು ಬೆಟ್ಟಕ್ಕೆ ಹೋದಳು.

ಆಕೆ ಬೆಟ್ಟದಿಂದ ಇಳಿಯುವಷ್ಟರಲ್ಲಿ ಸಂಚಿಕೆ ಹೊರಬಂದಿತ್ತು. ಅದನ್ನು ಮೊದಲು ಕೈಗಿಟ್ಟವನು ತಮ್ಮ, ಅದೂ ಬೈಗುಳದ ಜೊತೆ. ಅವನ ವ್ಯಾನ್ ಸ್ಟ್ಯಾಂಡಿನಲ್ಲಿ ಆ ಕನ್ನಡಕ ಹಬ್ಬಿಕೊಂಡಿತ್ತು. ಚಾಲಕರಲ್ಲೆಲ್ಲ ಶೋಕಿಯವನಾದ, ಮಕ್ಕಳು ಹೈಸ್ಕೂಲಿಗೆ ಬಂದಿದ್ದರೂ ಮಿನುಗುವ ಅಂಗಿ ಬಿಡದ, ಎಲ್ಲರೂ ಮದುಮಗ ಎಂದು ಕರೆಯುವವನೊಬ್ಬ ಮೊದಲು ಕೊಂಡಿದ್ದ. ಅವನನ್ನು ನೋಡಿ ಇನ್ನಷ್ಟು ಜನ. ಇದೇನು ಮಾರಾಯಾ ಎಂದು ತಮ್ಮ ಕೇಳಿದ್ದಕ್ಕೆ ಮದುಮಗ ಪತ್ರಿಕೆಯ ಪುಟ ಬಿಚ್ಚಿ ತೋರಿಸಿದ್ದನಂತೆ. ಅಲ್ಲಿ ಬೇಡಕ್ಕನ ಚಿತ್ರದ ಕೆಳಗೆ, ಬೇಡಕ್ಕನ ವರದಿಯೆಂದೇ, ಅಚ್ಚಾಗಿತ್ತು. ಓಡಿಸಲು: ಪರವಾಗಿಲ್ಲ. ಸ್ಟಿಕ್ಕರಿನ ಸುದ್ದಿಯೂ ಇಲ್ಲ, ಮುದುಕನೂ ಇಲ್ಲ. ಪತ್ರಿಕೆಯ ಹಿಂಬದಿಯ ರಕ್ಷಾಪುಟದಲ್ಲಿ ಅದೇ ಕನ್ನಡಕದ ಜಾಹೀರಾತು.

ಆಕೆ ನೇರವಾಗಿ ಸ್ಟ್ಯಾಂಡಿಗೆ ಹೋದಳು. ಮದುಮಗ ವ್ಯಾನಿಗೆ ಜನ ಹತ್ತಿಸುತ್ತಿದ್ದ. ಅಕ್ಕ ಬಂದಳೆಂದು ಹಿಗ್ಗಿ, ಕನ್ನಡಕವನ್ನು ಇನ್ನಷ್ಟು ನೇರ ಮಾಡಿಕೊಂಡು ನಿಂತ.

“ಹಾಕ್ಕೊಂಡ್ರೆ ಎಷ್ಟು ತಂಪು ಅಂತೀರಿ ಅಕ್ಕಾ, ಎಸಿ ಇದ್ದ ಹಾಗೆ.”

“ತಂಪಲ್ಲಪ್ಪ ಅದು, ಕತ್ತಲು. ಗಾಡಿ ಓಡಿಸುವಾಗ ತೆಗೆದಿಡು. ನಾನು ಬೇಡ ಅಂತಲೇ ಬರೆದಿದ್ದೆ. ಅಚ್ಚಲ್ಲಿ ಬದಲಾಯಿಸಿದ್ದಾರೆ.”

ಮದುಮಗ ನಕ್ಕುಬಿಟ್ಟ. “ಈಗ ನಾನು ಅಚ್ಚಲ್ಲಿರೋ ಅಕ್ಕನ್ನ ನಂಬ್ಲಾ, ಎದುರಿಗಿರೋ ಅಕ್ಕನ್ನ ನಂಬ್ಲಾ?”

ಆಕೆ ಕೈಯೆತ್ತಿ ಅವನ ಕಿವಿಯ ಬಳಿಯ ಸ್ಟಿಕ್ಕರಿಗೆ ಉಗುರು ಹಾಕಿದಳು. ಅವನು ಮುಖ ಹಿಂದಕ್ಕೆಳೆದುಕೊಂಡ. ಅದೊಂದು ಇರಲಿ ಬಿಡಿ, ಹೊಸದು ಅಂತ ನಾಲ್ಕು ಜನಕ್ಕೆ ಗೊತ್ತಾಗೋದು ಬೇಡವೇ ಎಂದು ಅಂಗಲಾಚಿದ. ವ್ಯಾನಿನೊಳಗಿನ ಜನ ಹೊತ್ತಾಯಿತೆಂದು ಕೂಗುತ್ತಿದ್ದರು. ಜೀವಮಾನದಲ್ಲಿ ಒಂದು ಸಲ ಆ ಉಗುರು ಸಂಕೋಚಪಟ್ಟಿತು. ಅಚ್ಚಾದದ್ದನ್ನು ಅಚ್ಚೇ ತಿದ್ದಬೇಕು ಎಂದುಕೊಂಡು ಆಕೆ ಕೈ ಇಳಿಸಿ ಕಚೇರಿಯ ದಾರಿ ಹಿಡಿದಳು.

ಸಂಪಾದಕರು ಆಕೆಯನ್ನು ಕಂಡೊಡನೆ ಕುರ್ಚಿ ತೋರಿಸಿದರು, ಚಹಾ ಹೇಳಿದರು. ಆಕೆ ಕೂರಲಿಲ್ಲ. ಅವರು ಹೇಳಿದ್ದೆಲ್ಲ ಮೆತ್ತಗೇ ಇತ್ತು. ತಾವು ಸುಳ್ಳೇನೂ ಹಾಕಿಲ್ಲ, ಕೊಂಚ ನಯ ಮಾಡಿದ್ದೇವೆ ಅಷ್ಟೆ. ಬೇಡ ಎಂದು ಬರೆದಿದ್ದರೆ ಕಂಪನಿಯವರು ಮುನಿಯುತ್ತಿದ್ದರು, ಪತ್ರಿಕೆ ನಡೆಯಬೇಕಲ್ಲ. ಸ್ಟಿಕ್ಕರಿನ ವಿಷಯಕ್ಕೆ ಜಾಗ ಸಾಲಲಿಲ್ಲ. ಜಾಗ ಸಾಲಲಿಲ್ಲ! ಹಿಂಬದಿಯ ಜಾಹೀರಾತಿನಲ್ಲಿ ಮುಕ್ಕಾಲು ಪುಟ ಬರಿಯ ಆಕಾಶವಿತ್ತು. ಒಂದು ಮೋಡವೂ ಇಲ್ಲದ, ಒಂದಕ್ಷರವೂ ಇಲ್ಲದ ನೀಲಿ ಆಕಾಶಕ್ಕೆ ಜಾಗ ಸಾಕಷ್ಟಿತ್ತು. ಮುದುಕನೊಬ್ಬ ಗಾಡಿ ತಳ್ಳಿಕೊಂಡು ಹೋಗುವುದಕ್ಕೆ ಇರಲಿಲ್ಲ.

“ಒಂದು ಪದ ತಾನೇ ಮೇಡಂ,” ಅಂದರು ಕೊನೆಗೆ.

ಬೇಡಕ್ಕ ಜೇಬಿನಿಂದ ಆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಕೆಳಗೆ ನನ್ನ ತಮ್ಮನ ವ್ಯಾನಿದೆ ಸಾರ್. ಅವನು ಇದನ್ನ ಹಾಕ್ಕೊಂಡು ಸುರಂಗದೊಳಗೆ ಓಡಿಸ್ತಾನೆ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಹೋಗಿ ಬರೋಣ.”

ಸಂಪಾದಕರು ಕನ್ನಡಕವನ್ನು ನೋಡಿದರು, ಕಿಟಕಿಯಾಚೆಯ ಬಿಸಿಲು ನೋಡಿದರು, ನಗಲು ಪ್ರಯತ್ನಿಸಿದರು.

“ಅಯ್ಯೋ, ಬೇಡ ಬಿಡಿ.”

“ನಾನೂ ಅದನ್ನೇ ಬರೆದಿದ್ದು,” ಅಂದಳು ಬೇಡಕ್ಕ.

ಇಷ್ಟಾದ ಮೇಲೆ ತಿದ್ದುಪಡಿ ಬರಲೇಬೇಕಾಯಿತು, ಬಂತು ಕೂಡ. ಪತ್ರಿಕೆಯ ಕೊನೆಯ ಹಾಳೆಯಲ್ಲಿ, ಪದಬಂಧದ ಉತ್ತರಗಳ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ‘ಕಳೆದ ಸಂಚಿಕೆಯ ಪರೀಕ್ಷಾ ಪುಟದಲ್ಲಿ ಪರವಾಗಿಲ್ಲ ಎಂದಿರುವುದನ್ನು ಬೇಡ ಎಂದು ಓದಿಕೊಳ್ಳಬೇಕಾಗಿ ಕೋರಿಕೆ’. ಯಾವ ವಸ್ತು, ಯಾವುದಕ್ಕೆ ಬೇಡ, ಯಾಕೆ ಬೇಡ, ಒಂದೂ ಇಲ್ಲ. ಪುಟ ಕಟ್ಟುವ ಕಲಾವಿದನೇ ನಾಚಿಕೊಂಡು ಹೇಳಿದ, ಇದನ್ನು ಓದಿದವರು ಪದಬಂಧದಲ್ಲಿ ಮೂರು ಮನೆ ಹೆಚ್ಚು ಬಿದ್ದಿದೆ ಎಂದುಕೊಳ್ಳುತ್ತಾರೆ ಎಂದು. ಹಿಂದೊಮ್ಮೆ ಮರದ ತಲೆಯೊಂದು ಒಣಗಿದ್ದಕ್ಕೆ ಪುಟದ ಎದೆಯ ಮೇಲೆ ದಪ್ಪಕ್ಷರದಲ್ಲಿ ತಪ್ಪೊಪ್ಪಿಕೊಂಡವಳ ಹೆಸರಿನಲ್ಲಿ, ಜೀವವಿರುವ ತಲೆಗಳ ವಿಷಯಕ್ಕೆ ಇರುವೆ ಸಾಲು ಸಾಕಾಯಿತು. ಆಕೆ ಮತ್ತೆ ಹೋಗಿ ಕೇಳಿದಳು. ಈಗ ಪರವಾಗಿಲ್ಲವಲ್ಲ, ಹಾಕಿದ್ದೇವಲ್ಲ ಎಂದರು ಸಂಪಾದಕರು.

ಆ ತಿಂಗಳು ಮುಗಿಯುವ ಮೊದಲೇ ಮದುಮಗನ ವ್ಯಾನು ಸುರಂಗದ ಬಾಯಿಯ ಒಳಗೆ, ಕೆಟ್ಟು ನಿಂತಿದ್ದ ಒಂದು ಲಾರಿಯ ಬೆನ್ನಿಗೆ ಹೋಗಿ ಗುದ್ದಿತು. ಪ್ರಯಾಣಿಕರಿಗೆ ತರಚು ಗಾಯ, ಬಾಯಿಗೆ ಪೆಟ್ಟು. ಮದುಮಗನ ಬಲ ಮಂಡಿ ಚೂರಾಯಿತು. ಲಾರಿಯ ಹಿಂದೀಪ ಉರಿಯುತ್ತಿತ್ತೆಂದು ಕೆಲವರು, ಇಲ್ಲವೆಂದು ಕೆಲವರು. ವೇಗ ಹೆಚ್ಚಿತ್ತು ಎಂದು ಪೊಲೀಸರು ಬರೆದುಕೊಂಡರು. ಕನ್ನಡಕದಿಂದಲೇ ಆಯಿತೆಂದು ಯಾರೂ ಸಾಬೀತು ಮಾಡಲಿಲ್ಲ, ಮಾಡಲು ಹೊರಡಲೂ ಇಲ್ಲ. ಇಂಥ ಕನ್ನಡಕಗಳ ಅನುಕೂಲವೇ ಅದು. ಗುದ್ದಿನಲ್ಲಿ ಮೊದಲು ಪುಡಿಯಾಗುವ ಸಾಕ್ಷಿ ಅವೇ.

ಬೇಡಕ್ಕ ತಮ್ಮನೊಡನೆ ಆಸ್ಪತ್ರೆಗೆ ಹೋದಳು. ಸಾಲು ಮಂಚಗಳ ಉದ್ದ ಕೋಣೆ. ಮಿನುಗು ಅಂಗಿಯಿಲ್ಲದ ಮದುಮಗ ಬೇರೆ ಯಾರೋ ಹಾಗೆ ಕಂಡ. ಕಾಲನ್ನು ಮೇಲಕ್ಕೆ ತೂಗಿಸಿದ್ದರು. ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕುಳಿತು ಕಿತ್ತಳೆ ಸುಲಿಯುತ್ತಿದ್ದ ಹೆಂಡತಿ, ಜೊತೆಗಿದ್ದ ತಮ್ಮ ಬೇಡಕ್ಕ ಯಾರೆಂದು ಹೇಳುತ್ತಿದ್ದಂತೆ ಕೈ ನಿಲ್ಲಿಸಿದಳು.

“ನೀವೇನಾ ಪೇಪರಲ್ಲಿ ಬರೆಯೋರು?”

“ಹೂಂ,” ಅಂದಳು ಬೇಡಕ್ಕ. ಅಚ್ಚು, ಸಂಪಾದಕರು, ಇರುವೆ ಸಾಲು ಯಾವುದನ್ನೂ ಹೇಳಲಿಲ್ಲ. ಆ ಮಂಚದ ಎದುರು ಅದೆಲ್ಲ ಸ್ಟಿಕ್ಕರಿನಂತೆ ಕೇಳಿಸುತ್ತಿತ್ತು.

ಮದುಮಗ ಹೆಂಡತಿಯ ಕಡೆ ಕಣ್ಣು ಹಾಯಿಸಿ, ಅವರೇನು ಮಾಡ್ತಾರೆ ಸುಮ್ನಿರೇ ಎಂದು ಗದರಿ, ಬೇಡಕ್ಕನತ್ತ ತಿರುಗಿ, ನೋವಿನಲ್ಲೂ ಅತಿಥಿಗೆ ತೋರಿಸಬೇಕಾದ ನಗು ತೋರಿಸಿದ. “ಬಿಡಿ ಅಕ್ಕಾ. ಪರವಾಗಿಲ್ಲ.”

ಅದನ್ನು ಅವನು ಬೇರೆ ಯಾವ ಮಾತಿನಲ್ಲಿ ಹೇಳಿದ್ದರೂ ಆಕೆ ತಡೆದುಕೊಳ್ಳುತ್ತಿದ್ದಳೇನೋ. ಬೈದಿದ್ದರೆ ನಿಂತು ಕೇಳುತ್ತಿದ್ದಳು. ಆದರೆ ತನ್ನ ಬಾಯಿಂದ ಬಾರದ, ತನ್ನ ಚಿತ್ರದ ಕೆಳಗೆ ಅಚ್ಚಾದ, ಈ ಮನುಷ್ಯನನ್ನು ಇಲ್ಲಿ ತಂದು ಮಲಗಿಸಿದ ಅದೇ ಪದ, ಈಗ ಅವನ ಬಾಯಿಂದಲೇ ಕ್ಷಮೆಯಾಗಿ ಮರಳಿ ಬರುತ್ತಿತ್ತು.

“ಆ ಮಾತು ಬೇಡಪ್ಪ,” ಅಂದಳು. “ನನಗೂ ಬೇಡ, ಯಾರಿಗೂ ಕೊಡಬೇಡ.”

ಮದುಮಗನಿಗೆ ಏನೂ ಅರ್ಥವಾಗಲಿಲ್ಲ. ಹೆಂಡತಿಗೆ ಆಯಿತು. ಆಕೆ ಬೇಡಕ್ಕನನ್ನು ಒಂದು ಗಳಿಗೆ ನೋಡಿ, ಎದ್ದು ಸ್ಟೂಲು ಬಿಟ್ಟುಕೊಟ್ಟಳು. “ಅದೇ ನಾನೂ ಹೇಳೋದು ಇವರಿಗೆ. ಕಾಲು ಹೋಗಿದೆ, ಬಂದವರಿಗೆಲ್ಲ ಪರವಾಗಿಲ್ಲ, ಪರವಾಗಿಲ್ಲ ಅಂತಿದಾರೆ. ಯಾಕೆ ಪರವಾಗಿಲ್ಲ?”

ಸುದ್ದಿ ಸಂಪಾದಕರಿಗೂ ಮುಟ್ಟಿತು. ಮುಂದಿನ ಸಂಚಿಕೆಯ ಕರಡನ್ನು ಅವರೇ ಕೈಯಲ್ಲಿ ಹಿಡಿದುಕೊಂಡು ಪರೀಕ್ಷೆಯ ಕೋಣೆಗೆ ಬಂದರು. ಅವರು ಆ ಕೋಣೆಯ ಒಳಗೆ ಕಾಲಿಟ್ಟವರಲ್ಲ, ಬಾಗಿಲಿಂದಲೇ ಭಾವನ ಯೋಗಕ್ಷೇಮ ಕೇಳಿ ಹೋಗುತ್ತಿದ್ದವರು. ಅದೇ ಪುಟ, ಅದೇ ಅಳತೆ, ಅಷ್ಟೇ ದಪ್ಪ ಅಕ್ಷರ. ಕಿತ್ತ ಸ್ಟಿಕ್ಕರಿನ ಚಿತ್ರ, ಅಡ್ಡಗೀಟಿನ ಚಿತ್ರ, ಮುದುಕ, ತಳ್ಳುಗಾಡಿ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು. ಬದಲಾಯಿಸಿದವರು ಸಂಪಾದಕರು ಎಂಬ ಸಾಲು ಕೂಡ ಇತ್ತು. ಹಿಂಬದಿಯ ರಕ್ಷಾಪುಟಕ್ಕೆ ಈ ಸಲ ಬೇರೇನೋ ಸಿಕ್ಕಿತ್ತು. ಬೇಡಕ್ಕ ನಿಂತೇ ಪೂರ್ತಿ ಓದಿದಳು, ಒಂದು ಕಡೆ ಬಿಟ್ಟುಹೋಗಿದ್ದ ಅಕ್ಷರವನ್ನು ಪೆನ್ಸಿಲಿನಲ್ಲಿ ಸೇರಿಸಿದಳು.

“ತಪ್ಪಾಯ್ತು ಮೇಡಂ,” ಅಂದರು ಸಂಪಾದಕರು. ಅಂದು, ಕಾದರು. ತಪ್ಪಾಯಿತು ಎಂದವರು 'ಅಯ್ಯೋ, ಪರವಾಗಿಲ್ಲ' ಎಂಬ ಉತ್ತರಕ್ಕಾಗಿ ಕಾಯುವುದು ನಮ್ಮಲ್ಲಿ ಲೆಕ್ಕಕ್ಕೆ ಬಾರದಷ್ಟು ಸಹಜ. ಅಂಗಡಿಯಲ್ಲಿ ಕಾಲು ತುಳಿದವನೂ ಕಾಯುತ್ತಾನೆ, ಮಾತು ತಪ್ಪಿದವನೂ ಕಾಯುತ್ತಾನೆ, ಸಿಕ್ಕೊಡನೆ ಹಗುರಾಗಿ ಹೊರಟುಹೋಗುತ್ತಾನೆ. ಬೇಡಕ್ಕ ಕರಡನ್ನು ಮಡಿಸಿ ಅವರ ಕೈಗೆ ಕೊಟ್ಟಳು. ಕೆಟಲಿನಲ್ಲಿ ನೀರು ಕುದಿಯುತ್ತಿತ್ತು.

“ಈಗ ಸರಿ ಆಯ್ತಲ್ವಾ?” ಎಂದರು ಅವರು, ತಡೆಯಲಾರದೆ.

“ಯಾವುದಕ್ಕೆ?”

ಅವರು ಕೈಯಲ್ಲಿದ್ದ ಕರಡನ್ನು ಮತ್ತೆ ಬಿಚ್ಚಿದರು.

“ಪುಟಕ್ಕೆ ಆಗುತ್ತೆ ಸಾರ್,” ಅಂದಳು ಬೇಡಕ್ಕ, ಕೆಟಲು ಆರಿಸುತ್ತ. “ಅವನ ಮಂಡಿಗೆ ಆಗಲ್ಲ.”

ಇಂಥವರ ಜೊತೆ ಬದುಕುವುದು ಸುಲಭವಲ್ಲ. ನೆಂಟರಿಷ್ಟರು ಇವರನ್ನು ಸಮಾರಂಭಗಳಿಗೆ ಅಳುಕುತ್ತಲೇ ಕರೆಯುತ್ತಾರೆ, ಕಚೇರಿಗಳು ಇವರನ್ನು ಹಿಂಭಾಗದ ಕೋಣೆಗಳಲ್ಲಿ ಕೂರಿಸುತ್ತವೆ, ಬಡ್ತಿಯ ಮಾತು ಬಂದಾಗ ಇವರಿಗೆ ಹೊಂದಿಕೊಳ್ಳಲು ಬರುವುದಿಲ್ಲ ಎಂದು ಎಲ್ಲರೂ ಒಂದೇ ದನಿಯಲ್ಲಿ ಒಪ್ಪುತ್ತಾರೆ. ಹೊಂದಿಕೊಳ್ಳಲು ಬರುವ ನಾವೆಲ್ಲ ಸೇರಿ ಮಾಡಿಟ್ಟಿರುವುದೇನೆಂದು ನೋಡಿದರೆ ಮಾತ್ರ ಈ ದೂರು ಗಂಟಲಲ್ಲೇ ನಿಲ್ಲುತ್ತದೆ. ತಿರುಪು ಸಡಿಲವಿದ್ದರೂ ಪರವಾಗಿಲ್ಲ ಎಂದವರು, ದೀಪ ಉರಿಯದಿದ್ದರೂ ಪರವಾಗಿಲ್ಲ ಎಂದವರು, ಸ್ಟಿಕ್ಕರನ್ನು ಅಳತೆಗೆ ಕತ್ತರಿಸಿ ಕೊಟ್ಟವರು ಎಲ್ಲರೂ ಹೊಂದಿಕೊಂಡವರೇ. ಒಬ್ಬರೂ ದುಷ್ಟರೆಂದು ಅನಿಸಿಕೊಂಡವರಲ್ಲ. ಕೊನೆಯಲ್ಲಿ ಆ ಮಾತು ಹಾಸಿಗೆಯ ಮೇಲೆ ಕಾಲು ತೂಗುಹಾಕಿಕೊಂಡು ಮಲಗಿದವನ ಬಾಯಿಗೇ ಬಂದು, ಅವನೇ ನಮ್ಮನ್ನೆಲ್ಲ ಸಮಾಧಾನ ಮಾಡಬೇಕಾಗುತ್ತದೆ. ಎರಡಕ್ಷರದ ಒಂದು ಪದವನ್ನು ಅದರ ಜಾಗದಿಂದ ಅಲುಗಾಡದಂತೆ ಹಿಡಿದು ನಿಲ್ಲುವ ಕೆಲವರು ಹಿಂಭಾಗದ ಕೋಣೆಗಳಲ್ಲಿ ಎಲ್ಲೋ ಇದ್ದಾರೆ. ಬಿಸಿಲಿಗೆ ಬೆಂದ ಮುಖದಲ್ಲಿ ಬೇಡಕ್ಕನ ಕಣ್ಣಿನ ಸುತ್ತಲ ಆ ತೆಳುಬಣ್ಣದ ಹಾಗೆ, ಅವರು ಮುಚ್ಚಿ ಕಾಪಾಡಿದಷ್ಟು ಜಾಗವೇ ನಮಗೆ ಸುಡದೆ ಉಳಿದಿರುವುದು.